ಮಣಿಕಟ್ಟು ಮುರಿದಾಯ್ತು, ಮತ್ತೆ ಪಿಕಲ್‌ಬಾಲ್ ಆಡಬಹುದಾ? ವಯಸ್ಸು 67

ಸಂಜೆಯಾಟ:

ಎಲ್ಲರಿಗೂ ನಮಸ್ಕಾರ. ನನಗೆ 67. ಕೆಲಸದಿಂದ ನಿವೃತ್ತಿಯಾಗಿ ಏಳು ವರ್ಷವಾಯಿತು. ಒಂದು ವರ್ಷದಿಂದ ಪಿಕಲ್‌ಬಾಲ್ (ನೆಟ್ ಕಟ್ಟಿ, ಪ್ಯಾಡಲ್ ಅನ್ನುವ ಚಪ್ಪಟೆ ಬ್ಯಾಟಿನಲ್ಲಿ ಪ್ಲಾಸ್ಟಿಕ್ ಚೆಂಡು ಹೊಡೆಯುವ ಆಟ) ಆಡುತ್ತಿದ್ದೆ, ವಾರಕ್ಕೆ ನಾಲ್ಕು ದಿನ. ಒಂಬತ್ತು ವಾರದ ಹಿಂದೆ ಬಿದ್ದೆ.

ಎದುರಿನವರು ಲಾಬ್ ಎತ್ತಿದರು, ಅಂದರೆ ಚೆಂಡನ್ನು ನನ್ನ ತಲೆ ಮೇಲಿಂದ ಹಿಂದಕ್ಕೆ ಹೋಗುವ ಹಾಗೆ ಎತ್ತರಕ್ಕೆ ಹೊಡೆದರು. ನಾನು ಚೆಂಡನ್ನೇ ನೋಡುತ್ತಾ ಹಿಂದಕ್ಕೆ ಹೆಜ್ಜೆ ಹಾಕಿದೆ. ಒಂದು, ಎರಡು. ಮೂರನೆಯದಕ್ಕೆ ಹಿಮ್ಮಡಿ ನೆಲಕ್ಕೆ ಕಚ್ಚಿಕೊಂಡಿತು, ಮೈ ಮಾತ್ರ ಹಿಂದಕ್ಕೆ ಹೋಯಿತು. ಬಲಗೈಯಲ್ಲಿ ಪ್ಯಾಡಲ್ ಇತ್ತು. ಅದನ್ನು ಬಿಡಲಿಲ್ಲ ನೋಡಿ, ಎಡಗೈ ಊರಿದೆ. ಎದ್ದು ಕೂತಾಗ ಮಣಿಕಟ್ಟು ಫೋರ್ಕ್ ಥರ ಬಾಗಿತ್ತು. ಆರು ವಾರ ಬ್ಯಾಂಡೇಜ್ ಇತ್ತು, ಬಿಚ್ಚಿ ಮೂರು ವಾರ ಆಯಿತು.

ಮಗಳು ಪ್ಯಾಡಲ್ಲನ್ನು ಬೀರುವಿನ ಮೇಲೆ ಇಟ್ಟುಬಿಟ್ಟಿದ್ದಾಳೆ. ನನ್ನ ಕೈಗೆ ಎಟುಕದ ಹಾಗೆ. "ಅಮ್ಮಾ, ಸಾಕು. ವಾಕಿಂಗ್ ಮಾಡು" ಅನ್ನುತ್ತಾಳೆ. ಅವಳು ಹೇಳುವುದೂ ಸರಿ. ಆದರೆ ಈ ಆಟ ಶುರು ಮಾಡಿದ ಮೇಲೆ ನಾನು ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವುದು ಬಿಟ್ಟಿದ್ದೆ. ರಾತ್ರಿ ನಿದ್ದೆ ಬರುತ್ತಿತ್ತು. ಒಂದು ದಿನ ಹೋಗದಿದ್ದರೆ ಮೂರು ಜನ ಫೋನ್ ಮಾಡುತ್ತಿದ್ದರು. ವಾಕಿಂಗ್ ಹೋಗದಿದ್ದರೆ ಯಾರು ಕೇಳ್ತಾರೆ?

ಆಡುವ ಕೈ ಚೆನ್ನಾಗಿಯೇ ಇದೆ. ಮತ್ತೆ ಆಡಬಹುದಾ? ಅನುಭವ ಇದ್ದವರು ಹೇಳಿ. ಸುಮ್ನೆ ಧೈರ್ಯ ತುಂಬಬೇಡಿ.

ರೆಕ್ಕೆಚೆಂಡು:

ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳುವುದಕ್ಕೆ ಆಗುತ್ತಾ ಮೇಡಂ? ನನಗೆ 71. ನಲವತ್ತು ವರ್ಷ ಬ್ಯಾಡ್ಮಿಂಟನ್ ಆಡಿದೆ. ಭುಜ ಕೈಕೊಟ್ಟ ಮೇಲೆ ಇದಕ್ಕೆ ಬಂದೆ.

ಬ್ಯಾಡ್ಮಿಂಟನ್‌ನವರಿಗೆ ಇದು ಹೊಸ ಜಾಗ ಅನ್ನಿಸುವುದೇ ಇಲ್ಲ. 1965ರಲ್ಲಿ ಅಮೆರಿಕದ ಬೈನ್‌ಬ್ರಿಜ್ ದ್ವೀಪದಲ್ಲಿ ರಜೆಯಲ್ಲಿ ಬೇಜಾರು ಅಂತ ಗೋಳಾಡುತ್ತಿದ್ದ ಮಕ್ಕಳಿಗೋಸ್ಕರ ಹುಟ್ಟಿದ ಆಟ ಇದು. ಹಳೇ ಬ್ಯಾಡ್ಮಿಂಟನ್ ಅಂಕಣದಲ್ಲೇ ಆಡಿದ್ದರಿಂದ ಅಳತೆಯೂ ಅದೇ ಉಳಿಯಿತು: ಅಗಲ 20 ಅಡಿ, ಉದ್ದ 44 ಅಡಿ. ಡಬಲ್ಸ್‌ನಲ್ಲಿ ಒಬ್ಬೊಬ್ಬರ ಪಾಲಿಗೆ ಬರುವುದು ಹತ್ತಡಿ ಅಗಲ. ಸರ್ವ್ ಸೊಂಟದ ಕೆಳಗಿಂದ, ಹಾಗಾಗಿ ಭುಜಕ್ಕೆ ಟೆನಿಸ್‌ನಷ್ಟು ಏಟಿಲ್ಲ. ತೂತಿನ ಪ್ಲಾಸ್ಟಿಕ್ ಚೆಂಡು ಗಾಳಿಯಲ್ಲೇ ವೇಗ ಕಳೆದುಕೊಳ್ಳುತ್ತದೆ. ಸರ್ವ್ ನೆಲಕ್ಕೆ ಬಿದ್ದು ಒಂದು ಪುಟ, ಅದರ ಉತ್ತರವೂ ಹಾಗೇ ಒಂದು ಪುಟ ಆಗಲೇಬೇಕು. ಆದ್ದರಿಂದ ಮೊದಲ ಹೊಡೆತಕ್ಕೇ ಯಾರೂ ಮೈಮೇಲೆ ಬೀಳೋ ಹಾಗಿಲ್ಲ. ನೆಟ್ ಪಕ್ಕದ ಏಳಡಿ ಕಿಚನ್, ಅಲ್ಲಿ ನಿಂತು ಗಾಳಿಯಲ್ಲೇ ಹೊಡೆಯುವ ಹಾಗಿಲ್ಲ.

ಒಟ್ಟಿನಲ್ಲಿ ಅರ್ಧ ಗಂಟೆಯಲ್ಲಿ ಯಾರಾದರೂ ಕಲಿತುಬಿಡುತ್ತಾರೆ. ಎಡವಟ್ಟು ಇರುವುದೂ ಅಲ್ಲೇ. ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕೂತವರು ಮೊದಲ ದಿನವೇ ಗೆಲ್ಲುತ್ತಾರೆ, ಎರಡನೇ ದಿನ ಮೂರು ಗಂಟೆ ಆಡುತ್ತಾರೆ. ಬ್ಯಾಡ್ಮಿಂಟನ್ ಹಾಗೆ ಬಿಡಲ್ಲ. ಹತ್ತು ನಿಮಿಷಕ್ಕೇ ಏದುಸಿರು ಬಿಡಿಸಿ ಕೂರಿಸುತ್ತೆ. ಈ ಆಟ ಬೈಯಲ್ಲ, ಸುಮ್ಮನೆ ಆಡಿಸುತ್ತೆ.

ಮಗಳ ಪಕ್ಷ:

ಕ್ಷಮಿಸಿ, ನಾನು ನಿಮ್ಮ ಮಗಳ ಕಡೆ.

ನಮ್ಮ ತಂದೆಗೆ 74. ಹೃದಯದ ಬಡಿತ ಸರಿಯಿಲ್ಲದೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಆಡುವಾಗ ಬಿದ್ದು ತಲೆ ನೆಲಕ್ಕೆ ತಾಗಿತು. ಎದ್ದು ಧೂಳು ಕೊಡವಿಕೊಂಡು, "ಏನೂ ಆಗಿಲ್ಲ" ಅಂತ ಇನ್ನೂ ಎರಡು ಗೇಮ್ ಆಡಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ವಾ! ಮನೆಗೆ ಬಂದವರು ನಮಗೂ ಹೇಳಲಿಲ್ಲ. ರಾತ್ರಿ ಮಾತು ತೊದಲತೊಡಗಿದಾಗ ಗೊತ್ತಾಯಿತು. ತಲೆಯೊಳಗೆ ರಕ್ತಸ್ರಾವ. ಉಳಿದರು. ಆದರೆ ಆ ರಾತ್ರಿ ನಾವು ಪಟ್ಟ ಪಾಡು ಅವರಿಗೆ ಗೊತ್ತಿಲ್ಲ.

ಬಿದ್ದವರನ್ನು ಎತ್ತಿ ನೀರು ಕೊಟ್ಟು ಮತ್ತೆ ಆಡಿಸುತ್ತಾರಲ್ಲ, ಆ ಜೊತೆಗಾರರ ಮೇಲೇ ನನಗೆ ಜಾಸ್ತಿ ಸಿಟ್ಟು. ಇಷ್ಟಕ್ಕೂ ವಾಕಿಂಗ್‌ನಲ್ಲಿ ಏನು ಕೊರತೆ?

ಫಿಸಿಯೋ 22:

ನಾನು ಫಿಸಿಯೋಥೆರಪಿಸ್ಟ್, 22 ವರ್ಷದಿಂದ ಇದೇ ಕೆಲಸ.

ಮೊದಲು ಮಗಳ ಪಕ್ಷ ಅವರಿಗೆ. ನೀವು ಬರೆದದ್ದನ್ನು ಪ್ರತಿ ಅಂಕಣದ ಗೋಡೆಗೂ ಅಂಟಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆಯಲ್ಲಿ ಇರುವವರ ತಲೆಗೆ ಪೆಟ್ಟು ಬಿದ್ದರೆ, ಆರಾಮಾಗಿ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಅವತ್ತೇ, ತಡಮಾಡದೆ. ಜೊತೆಗೆ ಆಡುವವರಿಗೆ ಈ ಮಾತ್ರೆ ವಿಷಯ ಮೊದಲೇ ಹೇಳಿಟ್ಟಿರಬೇಕು. ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ?

ಸಂಜೆಯಾಟ ಅವರೇ, ನಿಮ್ಮ ಬರಹದಲ್ಲಿ ನನ್ನ ಕಣ್ಣು ನಿಂತದ್ದು ಕೈ ಮೇಲಲ್ಲ, ಆ ಮೂರನೇ ಹೆಜ್ಜೆಯ ಮೇಲೆ. ಮುಖ ಮೇಲೆತ್ತಿ ಹಿಂದಕ್ಕೆ ನಡೆಯುವಾಗ ಭಾರವೆಲ್ಲ ಹಿಮ್ಮಡಿಗೆ ಬರುತ್ತದೆ. ಕಣ್ಣಿಗೆ ನೆಲ ಕಾಣುವುದಿಲ್ಲ. ಮೈ ಎಷ್ಟು ಬೇಗ ಹಿಂದಕ್ಕೆ ವಾಲುತ್ತದೋ ಅಷ್ಟೇ ಬೇಗ ಕಾಲು ಅದರ ಅಡಿಗೆ ಹೋಗಬೇಕು. ಮೂವತ್ತರಲ್ಲಿ ಹೋಗುತ್ತದೆ, ಅರವತ್ತೈದರಲ್ಲಿ ಅರೆಕ್ಷಣ ತಡ. ಆ ಅರೆಕ್ಷಣದಲ್ಲೇ ಮಣಿಕಟ್ಟು ಮುರಿಯುವುದು.

ಹಾಗಾಗಿ ನಿಯಮ ಒಂದೇ: ಹಿಂದಕ್ಕೆ ನಡೆಯಬೇಡಿ. ಲಾಬ್ ಎದ್ದ ತಕ್ಷಣ ಬಲಗಾಲು ಹಿಂದಿಟ್ಟು ಪಕ್ಕಕ್ಕೆ ತಿರುಗಿ. ಚೆಂಡು ಬೀಳುವ ಕಡೆಗೆ ಮೈ ತಿರುಗಿಸಿಯೇ ಓಡಿ, ಪುಟ ಆದ ಮೇಲೆ ಹೊಡೆಯಿರಿ. ಆಗದಿದ್ದರೆ "ನಿಮ್ದು" ಅಂತ ಜೊತೆಗಾರರಿಗೆ ಕೂಗಿ, ಅವರು ಓರೆಯಾಗಿ ಬಂದು ತೆಗೆದುಕೊಳ್ಳಲಿ. ಅದೂ ಆಗದಿದ್ದರೆ ಬಿಟ್ಟುಬಿಡಿ. ಹೋಗುವುದು ಒಂದು ಪಾಯಿಂಟ್.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ನಿಂತ ಎತ್ತರದಿಂದ ಬಿದ್ದು ಮಣಿಕಟ್ಟು ಮುರಿಯಿತು ಅಂದರೆ ಮೂಳೆಯನ್ನೂ ಸ್ವಲ್ಪ ಅನುಮಾನಿಸಬೇಕು. ಡೆಕ್ಸಾ ಸ್ಕ್ಯಾನ್, ಅಂದರೆ ಮೂಳೆಯ ಸಾಂದ್ರತೆ ಅಳೆಯುವ ಪರೀಕ್ಷೆ, ಮಾಡಿಸಿದ್ದೀರಾ? ಅದರಲ್ಲಿ ಬರುವ ಟಿ-ಸ್ಕೋರ್ ಅನ್ನುವ ಅಂಕಿ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅದು ಮೂಳೆ ಸವೆತದ ಕಾಯಿಲೆಯೇ (ಆಸ್ಟಿಯೊಪೊರೋಸಿಸ್), ಅದಕ್ಕೆ ಔಷಧ ಇದೆ. ಎಷ್ಟೋ ಜನ ಬ್ಯಾಂಡೇಜ್ ಬಿಚ್ಚಿಸಿಕೊಂಡು ಮನೆಗೆ ಹೋಗುತ್ತಾರೆ, ಈ ಪರೀಕ್ಷೆ ಯಾರೂ ಹೇಳುವುದಿಲ್ಲ. ಮುಂದಿನ ಸಲ ಬಿದ್ದಾಗ ಸೊಂಟದ ಕೀಲು.

ಅಮೆರಿಕದ ತುರ್ತು ವಿಭಾಗಗಳಿಗೆ 2010ರಿಂದ 2019ರವರೆಗೆ ಬಂದ, 60 ದಾಟಿದ ಪಿಕಲ್‌ಬಾಲ್ ಆಟಗಾರರ ಲೆಕ್ಕ ನೋಡಿದ್ದಾರೆ. ಗಂಡಸರಿಗೆ ಉಳುಕು, ಸ್ನಾಯು ನೋವು ಜಾಸ್ತಿ. ಹೆಂಗಸರಿಗೆ ಮೂಳೆ ಮುರಿತ ಗಂಡಸರ ಮೂರೂವರೆ ಪಟ್ಟು. ಮಣಿಕಟ್ಟೊಂದನ್ನೇ ತೆಗೆದುಕೊಂಡರೆ ಒಂಬತ್ತು ಪಟ್ಟು. ನೀವು ಒಬ್ಬರೇ ಅಲ್ಲ.

ಈಗಲೇ ಆಡಬೇಡಿ. ಮೂರು ತಿಂಗಳಾದರೂ ಆಗಲಿ, ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ ಸರಿ ಅನ್ನಲಿ. "ಆಡುವ ಕೈ ಚೆನ್ನಾಗಿದೆ" ಅನ್ನುವ ಮಾತನ್ನು ಮಾತ್ರ ನಾನು ಒಪ್ಪಲ್ಲ. ನೀವು ಬಿದ್ದಾಗ ಊರುವುದು ಇನ್ನೊಂದು ಕೈ ತಾನೆ?

ಲೆಕ್ಕದ ಮೇಷ್ಟ್ರು:

ವಾಕಿಂಗ್‌ನಲ್ಲಿ ಏನು ಕೊರತೆ ಅಂತ ಕೇಳಿದ್ದರಲ್ಲ, ನನಗೆ ತಿಳಿದಷ್ಟು ಹೇಳುತ್ತೇನೆ.

65 ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ. ಇಲ್ಲಿಯವರೆಗೆ ವಾಕಿಂಗ್ ಸಾಕು. ಆದರೆ ವಾರಕ್ಕೆ ಮೂರು ದಿನವಾದರೂ ಬ್ಯಾಲೆನ್ಸ್ ಮತ್ತು ಬಲದ ವ್ಯಾಯಾಮವೂ ಬೇಕು ಅನ್ನುತ್ತದೆ. ವಾಕಿಂಗ್‌ನವರು ಮರೆಯುವುದು ಇದನ್ನೇ. ಬರೀ ನಡೆದರೆ ಬೀಳುವುದು ಕಮ್ಮಿಯಾಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಬ್ಯಾಲೆನ್ಸ್ ವ್ಯಾಯಾಮದಿಂದ ಕಮ್ಮಿಯಾಗುತ್ತದೆ, ಅದಕ್ಕೆ ಆಧಾರ ಚೆನ್ನಾಗಿದೆ.

ಪಿಕಲ್‌ಬಾಲ್ ಎಷ್ಟು ಶ್ರಮ? 40ರಿಂದ 85 ವಯಸ್ಸಿನ 15 ಜನರನ್ನು ಆಡಿಸಿ ಅಳೆದ ಒಂದು ಅಧ್ಯಯನ 2018ರಲ್ಲಿ ಬಂತು. ಸರಾಸರಿ ನಾಡಿಬಡಿತ ನಿಮಿಷಕ್ಕೆ 109, ಗಂಟೆಗೆ 354 ಕ್ಯಾಲೊರಿ. ಅಂದರೆ ಮಧ್ಯಮ ಶ್ರಮ, ಸರಿಯಾಗಿ ಬೇಕಾದಷ್ಟೇ. ಆದರೆ 15 ಜನ ಅಂದರೆ ಒಂದು ಮದುವೆ ಪಂಕ್ತಿಗೂ ಸಾಲದು, ಜಾಸ್ತಿ ನೆಚ್ಚಿಕೊಳ್ಳಬೇಡಿ.

ಇನ್ನು ವಾಟ್ಸಾಪ್‌ನಲ್ಲಿ ಓಡಾಡುವ "ರಾಕೆಟ್ ಆಟ ಆಡಿದರೆ ಹತ್ತು ವರ್ಷ ಜಾಸ್ತಿ ಬದುಕ್ತೀರಿ" ಅನ್ನುವ ಮಾತು. ಇದು ಬಂದದ್ದು ಕೋಪನ್‌ಹೇಗನ್‌ನ ಅಧ್ಯಯನದಿಂದ, ಪ್ರಕಟವಾದದ್ದು 2018ರಲ್ಲಿ. ಏನೂ ಮಾಡದೆ ಕೂತವರಿಗಿಂತ ಟೆನಿಸ್‌ನವರು 9.7 ವರ್ಷ, ಬ್ಯಾಡ್ಮಿಂಟನ್‌ನವರು 6.2, ಜಾಗಿಂಗ್‌ನವರು 3.2, ಜಿಮ್‌ನವರು 1.5 ವರ್ಷ ಹೆಚ್ಚು. ಪಿಕಲ್‌ಬಾಲ್ ಆ ಪಟ್ಟಿಯಲ್ಲೇ ಇಲ್ಲ. ಮೇಲಾಗಿ ಟೆನಿಸ್ ಆಡುವವರಿಗೆ ಸಮಯ ಇರುತ್ತದೆ, ಕಾಸಿರುತ್ತದೆ, ಮೊದಲೇ ಆರೋಗ್ಯ ಇರುತ್ತದೆ. ಆಯಸ್ಸು ಕೊಟ್ಟದ್ದು ಆಟವೋ ಅದೆಲ್ಲವೋ, ಬಿಡಿಸಿ ನೋಡುವುದು ಕಷ್ಟ.

ಒಂದು ಮಾತು ಮಾತ್ರ ನನಗೆ ನಾಟಿತು. ಪಟ್ಟಿಯ ಮೇಲಿರುವ ಟೆನಿಸ್, ಬ್ಯಾಡ್ಮಿಂಟನ್, ಫುಟ್‌ಬಾಲ್ ಒಬ್ಬರೇ ಆಡುವ ಆಟಗಳಲ್ಲ. ಮೇಡಂ ಹೇಳಿದರಲ್ಲ, ಹೋಗದಿದ್ದರೆ ಮೂರು ಜನ ಫೋನ್ ಮಾಡುತ್ತಾರೆ ಅಂತ. ಅದನ್ನು ಯಾವ ಮೀಟರಿನಲ್ಲಿ ಅಳೆಯುತ್ತೀರಿ?

ಹಳೇಮಂಡಿ:

ನನ್ನದೂ ಒಂದು ಕತೆ ಇದೆ. ಬೀಳದೇ ಮುರಿಸಿಕೊಂಡವನು ನಾನು.

ಆಗ 62. ಕಿಚನ್ ಗೆರೆ ಹತ್ತಿರ ಮೆಲ್ಲಗೆ ಬಿದ್ದ ಚೆಂಡಿಗೆ ಮುಂದಕ್ಕೆ ನುಗ್ಗಿದೆ. ಪಟ್ ಅಂತ ಸದ್ದು. ಹಿಂದಿನಿಂದ ಯಾರೋ ಹಿಮ್ಮಡಿಗೆ ಜಾಡಿಸಿ ಒದ್ದ ಹಾಗಾಯಿತು. ಜೊತೆಗಾರನಿಗೆ ಬೈಯೋಣ ಅಂತ ತಿರುಗಿದರೆ ಅವನು ಆ ತುದಿಯಲ್ಲಿ ನೀರು ಕುಡಿಯುತ್ತಿದ್ದ. ಹಿಂದೆ ಯಾರೂ ಇಲ್ಲ. ಆಮೇಲೆ ನೋವೂ ಅಂಥ ಇರಲಿಲ್ಲ. ಕುಂಟುತ್ತಾ ಕಾರಿನವರೆಗೆ ಹೋದೆ.

ಡಾಕ್ಟರು ಬೋರಲು ಮಲಗಿಸಿ ಮೀನಖಂಡ ಹಿಂಡಿದರು. ಒಳ್ಳೇ ಕಾಲಲ್ಲಿ ಹಿಂಡಿದರೆ ಪಾದ ಕೆಳಕ್ಕೆ ಬಾಗಿತು. ಇನ್ನೊಂದರಲ್ಲಿ ಹಿಂಡಿದರೂ ಸತ್ತ ಮೀನಿನ ಹಾಗೆ ಬಿದ್ದುಕೊಂಡಿತ್ತು. ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಅಕಿಲೀಸ್ ಸ್ನಾಯುರಜ್ಜು ಪೂರ್ತಿ ಹರಿದಿತ್ತು. ಮತ್ತೆ ಆಡಲು ಹತ್ತು ತಿಂಗಳು ಹಿಡಿಯಿತು.

ನಾನು ಬರೆದದ್ದು ಇದನ್ನು ಹೇಳುವುದಕ್ಕೇ. ಅದಕ್ಕೆ ಎರಡು ವಾರ ಮೊದಲು ಎದೆಯಲ್ಲಿ ಕಫ ಕಟ್ಟಿ ಲೀವೋಫ್ಲಾಕ್ಸಾಸಿನ್ ಕೊಟ್ಟಿದ್ದರು, ಜೊತೆಗೆ ಐದು ದಿನ ಸ್ಟಿರಾಯ್ಡ್ ಮಾತ್ರೆ. ಈ ಗುಂಪಿನ ಆಂಟಿಬಯೋಟಿಕ್‌ಗಳು, ಸಿಪ್ರೋಫ್ಲಾಕ್ಸಾಸಿನ್ ಕೂಡ ಸೇರಿ, ಸ್ನಾಯುರಜ್ಜು ಹರಿಯುವ ಅಪಾಯ ಹೆಚ್ಚಿಸುತ್ತವೆ. ಅಮೆರಿಕದ ಔಷಧ ಇಲಾಖೆ 2008ರಲ್ಲೇ ಇದಕ್ಕೆ ತನ್ನ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. 60 ದಾಟಿದವರಿಗೆ, ಸ್ಟಿರಾಯ್ಡ್ ಜೊತೆಗಿದ್ದವರಿಗೆ ಅಪಾಯ ಇನ್ನೂ ಜಾಸ್ತಿ. ನಾನು ಎರಡೂ. ನನಗೆ ಯಾರೂ ಹೇಳಲಿಲ್ಲ, ನಾನೂ ಚೀಟಿ ಓದಲಿಲ್ಲ. ಮಾತ್ರೆಯಿಂದಲೇ ಹರಿಯಿತು ಅಂತ ಆಣೆ ಮಾಡಿ ಹೇಳಲಾರೆ. ಆದರೆ ಗೊತ್ತಿದ್ದರೆ ಆ ತಿಂಗಳು ಆಡುತ್ತಿರಲಿಲ್ಲ.

ಸುಮ್ನೆ ಒಬ್ಬ:

ಅಯ್ಯೋ, ಇದನ್ನೆಲ್ಲ ಓದಿದರೆ ಕೇರಂ ಆಡೋದೇ ವಾಸಿ ಅನ್ನಿಸುತ್ತೆ.

ರೆಕ್ಕೆಚೆಂಡು:

ಕೇರಂನಲ್ಲಿ ಬೆನ್ನು ಹಿಡಿಯುತ್ತೆ ಸ್ವಾಮಿ. ಅದಕ್ಕೂ ಒಂದು ಚರ್ಚೆ ಶುರು ಮಾಡಿ.

ಕಣ್ಣಾಮುಚ್ಚಾಲೆ:

ಎಲ್ಲರೂ ಕೈಕಾಲು ಅಂತಿದ್ದೀರಿ, ಕಣ್ಣಿನ ವಿಷಯ ಯಾರೂ ಎತ್ತಲಿಲ್ಲ. ನನ್ನ ಪೊರೆ ಆಪರೇಷನ್ ಆಗಿ ಎರಡು ವರ್ಷ. ಕಿಚನ್ ಗೆರೆ ಹತ್ತಿರ ನಾಲ್ವರೂ ನಿಂತಾಗ ಎದುರಿನವರಿಗೂ ನಮಗೂ ಹದಿನಾಲ್ಕು ಅಡಿ ಅಷ್ಟೇ. ಅಲ್ಲಿಂದ ಜೋರಾಗಿ ಹೊಡೆದರೆ ಪ್ಯಾಡಲ್ ಎತ್ತುವುದಕ್ಕೂ ಪುರುಸೊತ್ತಿಲ್ಲ. ನನಗೆ ಹುಬ್ಬಿಗೆ ಬಿತ್ತು, ಪುಣ್ಯ.

ಓದುವ ಕನ್ನಡಕ ರಕ್ಷಣೆ ಅಲ್ಲ, ಒಡೆದರೆ ಅದೇ ಕಣ್ಣಿಗೆ ಚುಚ್ಚುತ್ತೆ. ಪಾಲಿಕಾರ್ಬೊನೇಟ್ ಗಾಜಿನ ಆಟದ ಕನ್ನಡಕ ಸಿಗುತ್ತೆ, ಅದನ್ನು ಹಾಕಿಕೊಳ್ಳಿ. ಚೆಂಡು ಬಿದ್ದ ಮೇಲೆ ಮಿಂಚು ಹೊಡೆದ ಹಾಗೆ ಕಂಡರೆ, ಕಪ್ಪು ಚುಕ್ಕಿಗಳು ತೇಲಿದರೆ, ಒಂದು ಕಡೆಯಿಂದ ಪರದೆ ಇಳಿದ ಹಾಗಾದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಅಕ್ಷಿಪಟಲ (ರೆಟಿನಾ) ಕಳಚಿಕೊಳ್ಳುತ್ತಿರಬಹುದು.

ದಿನಾ ಆಡುವವಳು:

ಫಿಸಿಯೋ ಮೇಡಂಗೆ ಒಂದು ಪ್ರಶ್ನೆ. ನನಗೆ ಮೊಣಕೈಯ ಹೊರಬದಿಯಲ್ಲಿ ನೋವು. ದಿನಾ ಎರಡು ಗಂಟೆ ಆಡುತ್ತೇನೆ. ಆಟದಲ್ಲಿ ಗೊತ್ತಾಗಲ್ಲ, ಆಮೇಲೆ ಒಂದು ಲೋಟ ಎತ್ತುವುದಕ್ಕೂ ಕಷ್ಟ. ಪಟ್ಟಿ ಕಟ್ಟಿಕೊಂಡು ಆಡಲಾ?

ಫಿಸಿಯೋ 22:

ಪಟ್ಟಿ ಕಟ್ಟಿಕೊಳ್ಳಿ, ನೋವು ಸ್ವಲ್ಪ ಕಮ್ಮಿ ಅನ್ನಿಸುತ್ತದೆ. ಆದರೆ ನಿಮ್ಮ ಕಾಯಿಲೆ ಇರುವುದು "ದಿನಾ ಎರಡು ಗಂಟೆ" ಅನ್ನುವಲ್ಲಿ. ಸ್ನಾಯುರಜ್ಜಿಗೆ ರಿಪೇರಿ ಮಾಡಿಕೊಳ್ಳಲು ಬಿಡುವು ಬೇಕು, ವಯಸ್ಸಾದಂತೆ ಇನ್ನೂ ಜಾಸ್ತಿ ಬೇಕು. ದಿನ ಬಿಟ್ಟು ದಿನ ಮಾಡಿ. ಪ್ಯಾಡಲ್ಲನ್ನು ಹಲ್ಲುಜ್ಜುವ ಬ್ರಷ್ಷಿನ ಹಾಗೆ ಹಿಡಿಯಿರಿ, ಚೆಂಡು ತಾಗುವ ಕ್ಷಣಕ್ಕೆ ಮಾತ್ರ ಬಿಗಿ. ಹೊಸಬರೆಲ್ಲ ಸುತ್ತಿಗೆಯ ಹಾಗೆ ಹಿಡಿಯುತ್ತಾರೆ. ಹಿಡಿಕೆ ತೀರಾ ಸಣ್ಣದಿದ್ದರೂ ಕೈ ತಾನಾಗಿಯೇ ಬಿಗಿಯುತ್ತದೆ, ಒಂದು ಸುತ್ತು ಟೇಪ್ ಸುತ್ತಿ ನೋಡಿ.

ಹಳೇಮಂಡಿ ಅವರ ಕತೆಗೆ ಒಂದು ಸೇರಿಸುತ್ತೇನೆ. ಕಾರಿನಿಂದ ಇಳಿದು ನೇರ ಅಂಕಣಕ್ಕೆ ಹೋಗುವವರನ್ನು ದಿನಾ ನೋಡುತ್ತೇನೆ. ಹತ್ತು ನಿಮಿಷ ಸಾಕು. ಬಿರುಸಾಗಿ ನಡೆಯಿರಿ, ಪಕ್ಕಪಕ್ಕಕ್ಕೆ ಹೆಜ್ಜೆ ಹಾಕಿ, ತೋಳು ತಿರುಗಿಸಿ. ನಿಂತಲ್ಲೇ ಎಳೆದು ಹಿಡಿಯುವ ಸ್ಟ್ರೆಚ್ ಆಟ ಮುಗಿದ ಮೇಲೆ ಮಾಡಿ. ಮನೆಯಲ್ಲಿ ಮೆಟ್ಟಿಲ ಅಂಚಿನಲ್ಲಿ ಮುಂಗಾಲೂರಿ ನಿಂತು, ಗೋಡೆ ಹಿಡಿದು, ಹಿಮ್ಮಡಿ ಎತ್ತಿ ಮೂರು ಎಣಿಸುತ್ತಾ ಇಳಿಸಿ. ಇಳಿಸುವುದೇ ಮುಖ್ಯ, ಮೀನಖಂಡ ಮತ್ತು ಅಕಿಲೀಸ್ ಎರಡಕ್ಕೂ ಅದೇ ಮದ್ದು. ಆಮೇಲೆ ಒಂಟಿ ಕಾಲಲ್ಲಿ ಹತ್ತು ಸೆಕೆಂಡ್ ನಿಲ್ಲುವುದು. ಅದಾಗದವರು ಇನ್ನೂ ಅಂಕಣಕ್ಕೆ ಬರಬಾರದು. ಇದು ನನ್ನ ಅಭಿಪ್ರಾಯ, ಬೈಯುವವರು ಬೈಯಬಹುದು.

ಶೂ ಮಾತೂ ಇದೆ. ಓಡುವ ಶೂ ನೇರ ಹೋಗುವುದಕ್ಕೆ ಮಾಡಿದ್ದು, ಹಿಮ್ಮಡಿ ದಪ್ಪ. ಪಕ್ಕಕ್ಕೆ ಹೆಜ್ಜೆ ಹಾಕಿದರೆ ಕಣಕಾಲು ಮಗುಚುತ್ತದೆ. ಕೋರ್ಟ್ ಶೂ ಬೇರೆಯೇ ಬರುತ್ತದೆ. ಉಳುಕಿದ ಮೇಲೆ ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯಲು ಆಗದಿದ್ದರೆ ಎಕ್ಸ್‌ರೇ ತೆಗೆಸಿ, "ಬರೀ ಉಳುಕು" ಅಂತ ನೀವೇ ತೀರ್ಮಾನಿಸಬೇಡಿ.

ರೆಕ್ಕೆಚೆಂಡು:

ಪಕ್ಕದ ಅಂಕಣದಿಂದ ಉರುಳಿ ಬರುವ ಚೆಂಡು ಮರೆತಿರಿ! ಒಂದು ಟೆನಿಸ್ ಕೋರ್ಟಿನ ಜಾಗದಲ್ಲಿ ನಾಲ್ಕು ಅಂಕಣ ಮಾಡಿರುತ್ತಾರೆ, ಚೆಂಡು ಎಲ್ಲಿಂದ ಬರುತ್ತೋ ದೇವರಿಗೇ ಗೊತ್ತು. ಅದರ ಮೇಲೆ ಕಾಲಿಟ್ಟರೆ ಮುಗೀತು. ನಮ್ಮಲ್ಲಿ ಯಾರು "ಚೆಂಡು!" ಅಂತ ಕೂಗಿದರೂ ನಾಲ್ವರೂ ನಿಲ್ಲಬೇಕು, ಗೆಲ್ಲೋ ಹೊಡೆತ ಆದರೂ ಸರಿ. ಒಬ್ಬರು ನಿಲ್ಲದೆ ಹೊಡೆದರು ಅಂತ ಎರಡು ವಾರ ಅವರನ್ನು ಯಾರೂ ಆಟಕ್ಕೆ ಕರೆಯಲಿಲ್ಲ.

ಮಗಳ ಪಕ್ಷ:

ಓದುತ್ತಿದ್ದೇನೆ. ತಂದೆಗೂ ತೋರಿಸಿದೆ. "ನೋಡು, ವಾಕಿಂಗ್ ಸಾಲದಂತೆ" ಅಂದರು! ಅಷ್ಟು ಮಾತ್ರ ಕಣ್ಣಿಗೆ ಬಿತ್ತು ಅವರಿಗೆ.

ಬಿಪಿಗೆ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರು ಕೈಗಡಿಯಾರದ ನಾಡಿಬಡಿತ ನಂಬಬಹುದಾ?

ಫಿಸಿಯೋ 22:

ನಂಬಬೇಡಿ. ಆ ಮಾತ್ರೆ ಬಡಿತವನ್ನೇ ತಡೆಹಿಡಿಯುತ್ತದೆ, ಸುಸ್ತಾಗಿದ್ದರೂ ಅಂಕಿ ಕಮ್ಮಿ ತೋರಿಸುತ್ತದೆ. ಆಡುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗದಿದ್ದರೆ ಕೂರಿಸಿ. ಎದೆ ಹಿಂಡಿದರೆ, ನೋವು ದವಡೆಗೋ ತೋಳಿಗೋ ಹಬ್ಬಿದರೆ, ತಲೆ ಸುತ್ತಿದರೆ ಆಟ ಅಲ್ಲಿಗೇ ನಿಲ್ಲಿಸಿ ಆಂಬ್ಯುಲೆನ್ಸ್ ಕರೆಯಿರಿ. ಸ್ಕೋರ್ 10–10 ಇದ್ದರೂ.

ಸಂಜೆಯಾಟ (ಆರು ವಾರದ ಮೇಲೆ):

ಎಲ್ಲರಿಗೂ ಏನಾಯಿತು ಅಂತ ಹೇಳಬೇಕಲ್ವಾ.

ಡೆಕ್ಸಾ ಮಾಡಿಸಿದೆ. ಮೈನಸ್ 2.7. ವಾರಕ್ಕೊಂದು ಮಾತ್ರೆ ಶುರುವಾಗಿದೆ. ಫಿಸಿಯೋ ಮೇಡಂ ಕೇಳದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಬಿದ್ದದ್ದೇ ಒಳ್ಳೆಯದಾಯಿತು ಅಂತ ಹೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ, ಕೈ ಇನ್ನೂ ನೋಯುತ್ತೆ.

ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ ಒಪ್ಪಿದರು. ಮಗಳು ಒಪ್ಪಲಿಲ್ಲ, ಆದರೆ ಪ್ಯಾಡಲ್ ಕೆಳಗಿಳಿಸಿದಳು. ಷರತ್ತು: ವಾರಕ್ಕೆ ಎರಡೇ ದಿನ, ಮೊದಲ ದಿನ ತಾನೂ ಬಂದು ಕೂರುತ್ತಾಳೆ.

ನಿನ್ನೆ ಹೋದೆ. ಒಂಟಿ ಕಾಲಲ್ಲಿ ಈಗ ಬಲಕ್ಕೆ ಹದಿನೆಂಟು ಸೆಕೆಂಡ್, ಎಡಕ್ಕೆ ಹನ್ನೊಂದು. ಹತ್ತು ನಿಮಿಷ ಅಂಕಣದ ಸುತ್ತ ನಡೆದೆ, ಜನ ನಕ್ಕರು. ಎರಡನೇ ಗೇಮಿನಲ್ಲಿ ಲಾಬ್ ಬಂತು. ಅದೇ ಮನುಷ್ಯ, ಅದೇ ಕಡೆ! ಎದೆ ಧಸಕ್ ಅಂದಿತು. ಬಲಗಾಲು ಹಿಂದಿಟ್ಟು ತಿರುಗಿದೆ, "ನಿಮ್ದು" ಅಂತ ಕೂಗಿದೆ. ಜೊತೆಗಾರರೂ ಅದೇ ಹೊತ್ತಿಗೆ "ನಿಮ್ದು" ಅಂದರು. ಚೆಂಡು ನಮ್ಮಿಬ್ಬರ ನಡುವೆ ಟಪ್ ಅಂತ ಬಿತ್ತು. ಇಬ್ಬರೂ ನೋಡುತ್ತಾ ನಿಂತೆವು. ಬೆಂಚಿನ ಮೇಲಿದ್ದ ಮಗಳು ಜೋರಾಗಿ ನಕ್ಕಳು. ಮೂರು ತಿಂಗಳಲ್ಲಿ ನನ್ನ ಆಟದ ವಿಷಯಕ್ಕೆ ಅವಳು ನಕ್ಕದ್ದು ಅದೇ ಮೊದಲು. 11–6ರಲ್ಲಿ ಸೋತೆವು.

ಫಿಸಿಯೋ ಮೇಡಂ, ಎಡಗೈಯಲ್ಲಿ ಬಾಟಲಿ ಮುಚ್ಚಳ ತಿರುಗಿಸಲು ಇನ್ನೂ ಆಗುತ್ತಿಲ್ಲ. ಏನು ಮಾಡಲಿ?

ಫಿಸಿಯೋ 22:

ಒದ್ದೆ ಟವೆಲ್ ಹಿಂಡಿ, ದಿನಕ್ಕೆ ಮೂರು ಸಲ, ಎರಡೂ ದಿಕ್ಕಿಗೆ. ಬಲ ಪೂರ್ತಿ ಬರಲು ಇನ್ನೂ ಕೆಲವು ತಿಂಗಳು ಬೇಕು. ಎಡಗಾಲಿನ ಹನ್ನೊಂದನ್ನು ಹದಿನೆಂಟಕ್ಕೆ ತನ್ನಿ ಮೊದಲು.